ಹಳೆಯ ಡಾಸ್ ಪ್ರೋಗ್ರಾಂ, ಹೊಸ ವಿಂಡೋಸ್: ಕೀಬೋರ್ಡ್ ತಡವರಿಸಿದರೆ ಯಾವ ದಾರಿ ಹಿಡಿಯಬೇಕು?

ಫಾಕ್ಸ್‌ಪ್ರೋ, ಕ್ಲಿಪ್ಪರ್, ಡಿಬೇಸ್ ಎಂಬ ಹಳೆಯ ಡೇಟಾಬೇಸ್ ಸಾಧನಗಳಲ್ಲಿ, ವಿಂಡೋಸಿಗೂ ಮೊದಲಿನ ಡಾಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಗಾಗಿ ಬರೆಸಿದ ಬಿಲ್ಲಿಂಗ್ ಮತ್ತು ಲೆಕ್ಕದ ಪ್ರೋಗ್ರಾಂಗಳನ್ನೇ ನಂಬಿಕೊಂಡಿರುವ ಅಂಗಡಿ, ಮಂಡಿ, ಸಹಕಾರ ಸಂಘಗಳು ನಮ್ಮ ಊರುಗಳಲ್ಲಿ ಇನ್ನೂ ಇವೆ. ಬದಲಿಸಲು ಅವರಿಗೆ ಮನಸ್ಸಿಲ್ಲ, ಅದಕ್ಕೆ ಸರಿಯಾದ ಕಾರಣವೂ ಇದೆ. ಮೌಸ್ ಮುಟ್ಟದೆ, ಪರದೆಯನ್ನೂ ಸರಿಯಾಗಿ ನೋಡದೆ, ಬೆರಳಿನ ಅಭ್ಯಾಸದಿಂದಲೇ ಬಿಲ್ ಮುಗಿಸುವಷ್ಟು ಚುರುಕಾದ ಪ್ರೋಗ್ರಾಂಗಳವು. ಹಳೆಯ ಕಂಪ್ಯೂಟರ್ ಕೆಟ್ಟು ಹೊಸ ವಿಂಡೋಸ್ ಬಂದಾಗ ಮೊದಲು ಕಳೆದುಹೋಗುವುದು ಈ ಚುರುಕೇ. ಅಕ್ಷರ ತಡವಾಗಿ ಮೂಡುತ್ತದೆ, ಬಾಣದ ಕೀ ಬಿಟ್ಟ ಮೇಲೂ ಕರ್ಸರ್ ಓಡುತ್ತಲೇ ಇರುತ್ತದೆ, ಎಫ್10 ಒತ್ತಿದರೆ ಏನೂ ಆಗುವುದಿಲ್ಲ.

ಹೊಸ ಕೀಬೋರ್ಡ್ ತಂದು ಹಾಕಿದರೆ ಇದು ಸಾಮಾನ್ಯವಾಗಿ ಸರಿಹೋಗುವುದಿಲ್ಲ. ತೊಂದರೆ ಇರುವುದು ಕೀಬೋರ್ಡಿಗೂ ಪ್ರೋಗ್ರಾಮಿಗೂ ನಡುವೆ ಕೂತಿರುವ ಪದರದಲ್ಲಿ. ಆ ಪದರಕ್ಕೆ ನಮ್ಮ ಮುಂದೆ ನಾಲ್ಕೈದು ಆಯ್ಕೆಗಳಿವೆ. ಯಾವುದನ್ನು ಯಾರು ಆರಿಸಿಕೊಳ್ಳಬೇಕು ಎಂಬುದು ಈ ಬರಹದ ವಿಷಯ.

ತಡ ಎಲ್ಲಿಂದ ಬರುತ್ತದೆ

ಡಾಸ್ ಕಾಲದಲ್ಲಿ ಇಡೀ ಯಂತ್ರ ಒಂದೇ ಪ್ರೋಗ್ರಾಮಿನದು. ಹಾಗಾಗಿ ಆಗಿನ ಪ್ರೋಗ್ರಾಂಗಳು ಕೀ ಬರಲೆಂದು ಸುಮ್ಮನೆ ಕಾಯುತ್ತಿರಲಿಲ್ಲ. 'ಕೀ ಬಂತೇ, ಕೀ ಬಂತೇ' ಎಂದು ಕಂಪ್ಯೂಟರಿನ ಮೂಲ ತಂತ್ರಾಂಶವಾದ ಬಯೋಸನ್ನು ಸೆಕೆಂಡಿಗೆ ಸಾವಿರಾರು ಸಲ ಕೇಳುತ್ತಿದ್ದವು. ಇಡೀ ಸಿಪಿಯು ತಿಂದರೂ ಆಗ ಯಾರಿಗೂ ನಷ್ಟವಿರಲಿಲ್ಲ.

ವಿಂಡೋಸಿನಲ್ಲಿ ಹಾಗಲ್ಲ, ಬೇರೆ ಪ್ರೋಗ್ರಾಂಗಳಿಗೂ ಪಾಲು ಕೊಡಬೇಕು. 32 ಬಿಟ್ ಎಂಬ ಹಳೆಯ ಬಗೆಯ ವಿಂಡೋಸಿನಲ್ಲಿ ಡಾಸ್ ಪ್ರೋಗ್ರಾಂಗಳನ್ನು ನಡೆಸುವ ಭಾಗದ ಹೆಸರು ಎನ್‌ಟಿವಿಡಿಎಂ. ಈ ಪ್ರಶ್ನೆಗಳನ್ನು ಅದು ಎಣಿಸುತ್ತದೆ. ಉತ್ತರ ಸಿಗದ ಪ್ರಶ್ನೆಗಳು ಹೆಚ್ಚಾದರೆ ಪ್ರೋಗ್ರಾಂ ಖಾಲಿ ಕೂತಿದೆ ಎಂದು ತೀರ್ಮಾನಿಸಿ ಅದನ್ನು ಸ್ವಲ್ಪ ಹೊತ್ತು ಮಲಗಿಸುತ್ತದೆ. ಅಂಗಡಿಯ ಹುಡುಗ ಸಾಮಾನು ಕಟ್ಟುತ್ತಲೇ ಆಗಾಗ ಬಾಗಿಲ ಕಡೆ ನೋಡಿದರೆ, ಇವನಿಗೆ ಕೆಲಸವೇ ಇಲ್ಲ ಎಂದುಕೊಳ್ಳುವ ಯಜಮಾನನ ಹಾಗೆ. ವರದಿ ತಯಾರಿಸುತ್ತ ನಡುನಡುವೆ 'ಎಸ್ಕೇಪ್ ಒತ್ತಿದರೇ?' ಎಂದು ನೋಡುವ ಪ್ರೋಗ್ರಾಂ ಕೂಡ ಹೀಗೆಯೇ ಸೋಮಾರಿ ಎನಿಸಿಕೊಂಡು ನಿಧಾನವಾಗುತ್ತದೆ.

ಇನ್ನೊಂದು ವಿಷಯ ಬಫರ್, ಎಂದರೆ ಒತ್ತಿದ ಕೀಗಳು ಸರದಿ ಕಾಯುವ ಜಾಗ. ಬಯೋಸಿನ ಕೀಬೋರ್ಡ್ ಬಫರಿನಲ್ಲಿ ಹಿಡಿಯುವುದು ಬರೀ 15 ಕೀಗಳು. ಪ್ರೋಗ್ರಾಂ ನಿಧಾನವಾಗಿ ಓದಿದರೆ ಬಫರ್ ತುಂಬುತ್ತದೆ, ಆಮೇಲೆ ಬಂದ ಕೀ ಬಿದ್ದುಹೋಗುತ್ತದೆ. ಕೈ ಎತ್ತಿದ ಮೇಲೂ ಕರ್ಸರ್ ಓಡುವುದು ಏಕೆಂಬುದೂ ಇಲ್ಲೇ ಇದೆ: ಬಫರಿನಲ್ಲಿ ಉಳಿದಿದ್ದ ಬಾಣದ ಕೀಗಳನ್ನು ಪ್ರೋಗ್ರಾಂ ಆಗ ಮುಗಿಸುತ್ತಿರುತ್ತದೆ.

ಆಯ್ಕೆಗೆ ಮೊದಲು ಐದು ನಿಮಿಷದ ಪರೀಕ್ಷೆ

ಮೊದಲು ನೋಟ್‌ಪ್ಯಾಡ್ ತೆರೆದು ವೇಗವಾಗಿ ಟೈಪ್ ಮಾಡಿ. ಅಲ್ಲೂ ಅಕ್ಷರ ತಡವಾದರೆ ಡಾಸಿನ ತಪ್ಪಲ್ಲ. ಬಲಗಡೆಯ ಶಿಫ್ಟ್ ಕೀಯನ್ನು ಎಂಟು ಸೆಕೆಂಡು ಒತ್ತಿ ಹಿಡಿದರೆ ವಿಂಡೋಸಿನ ಫಿಲ್ಟರ್ ಕೀಸ್ ಎಂಬ ಸೌಲಭ್ಯ ಶುರುವಾಗುತ್ತದೆ. ಚಿಕ್ಕದಾಗಿ ಒತ್ತಿದ ಕೀಗಳನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಗೊತ್ತಿಲ್ಲದೆ ಅದನ್ನು ಶುರುಮಾಡಿಕೊಂಡವರು ಬಹಳ ಜನ. ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ಭಾಗದಲ್ಲಿ ಅದನ್ನು ನಿಲ್ಲಿಸಿ. ಕಂಟ್ರೋಲ್ ಪ್ಯಾನೆಲ್ಲಿನ ಕೀಬೋರ್ಡ್ ಪುಟದಲ್ಲಿ ರಿಪೀಟ್ ಡಿಲೇ, ರಿಪೀಟ್ ರೇಟ್ ಎಂಬ ಎರಡು ಜಾರುಪಟ್ಟಿಗಳಿವೆ, ಅವನ್ನೂ ನೋಡಿ.

ಕನ್ನಡದಲ್ಲಿ ಟೈಪ್ ಮಾಡುವ ಕಂಪ್ಯೂಟರ್ ಆದರೆ ಇನ್ನೊಂದು ಪರೀಕ್ಷೆ ಬೇಕು. ನುಡಿ, ಬರಹದಂಥ ತಂತ್ರಾಂಶಗಳು ಹಿನ್ನೆಲೆಯಲ್ಲಿ ಕೂತು ಪ್ರತಿ ಕೀಯನ್ನೂ ನಡುವೆಯೇ ಹಿಡಿಯುತ್ತವೆ. ಅವನ್ನು ಪೂರ್ತಿ ಮುಚ್ಚಿ, ವಿಂಡೋಸಿನ ಭಾಷೆಯನ್ನು ಇಂಗ್ಲಿಷಿಗೆ ತಂದು ಮತ್ತೆ ಪ್ರಯತ್ನಿಸಿ.

ಒಂದೆರಡು ಕೀಗಳು ಮಾತ್ರ ಕೆಲಸ ಮಾಡದಿದ್ದರೆ ಅದು ವೇಗದ ಸಮಸ್ಯೆಯೇ ಅಲ್ಲ. ಈಗಿನ ಅನೇಕ ಲ್ಯಾಪ್‌ಟಾಪುಗಳಲ್ಲಿ ಎಫ್1ರಿಂದ ಎಫ್12ರ ತನಕದ ಕೀಗಳು ಸದ್ದು, ಬೆಳಕು ಬದಲಿಸಲು ಮೀಸಲು. ಎಫ್ಎನ್ ಕೀ ಜೊತೆಗೆ ಒತ್ತಿದರಷ್ಟೇ ಅವು ನಿಜವಾದ ಎಫ್ ಕೀಗಳಾಗುತ್ತವೆ. ಹಲವು ಲ್ಯಾಪ್‌ಟಾಪುಗಳಲ್ಲಿ ಎಫ್ಎನ್ ಮತ್ತು ಎಸ್ಕೇಪ್ ಒಟ್ಟಿಗೆ ಒತ್ತಿ ಇದನ್ನು ತಿರುಗಿಸಬಹುದು, ಇಲ್ಲವಾದರೆ ಬಯೋಸಿನಲ್ಲಿ ಆಯ್ಕೆ ಇರುತ್ತದೆ. ಅಂಕಿಗಳಿಗೆ ಬೇರೆ ಪ್ಯಾಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ದಿನವಿಡೀ ಬಿಲ್ ಹೊಡೆಯುವುದು ಹಿಂಸೆ. ಅದಕ್ಕೊಂದು ಪೂರ್ಣ ಅಳತೆಯ ಯುಎಸ್‌ಬಿ ಕೀಬೋರ್ಡ್ ಹಾಕಿಕೊಳ್ಳಿ.

ಇಷ್ಟಾದ ಮೇಲೂ ಡಾಸ್ ಪ್ರೋಗ್ರಾಮಿನಲ್ಲಿ ಮಾತ್ರ ತಡ ಉಳಿದರೆ ಮುಂದಿನ ಆಯ್ಕೆಗಳ ಮಾತು.

32 ಬಿಟ್ ವಿಂಡೋಸ್: ಇದ್ದರೆ ಉಳಿಸಿಕೊಳ್ಳಿ, ಹೊಸದಾಗಿ ಹುಡುಕಬೇಡಿ

ನಿಮ್ಮಲ್ಲಿ ಎಕ್ಸ್‌ಪಿ, 7 ಅಥವಾ 10ರ 32 ಬಿಟ್ ವಿಂಡೋಸ್ ಇದ್ದರೆ ಹೊರಗಿನಿಂದ ಏನನ್ನೂ ಹಾಕಬೇಕಿಲ್ಲ. ಪ್ರೋಗ್ರಾಮಿನ ಫೈಲಿನ ಮೇಲೆ ಬಲ ಕ್ಲಿಕ್ ಮಾಡಿ ಪ್ರಾಪರ್ಟೀಸ್ ತೆರೆಯಿರಿ. ಮಿಸ್ಕ್ ಎಂಬ ಪುಟದಲ್ಲಿ ಐಡಲ್ ಸೆನ್ಸಿಟಿವಿಟಿ ಎಂಬ ಜಾರುಪಟ್ಟಿ ಇದೆ. ಅದನ್ನು ಲೋ ಕಡೆಗೆ ಪೂರ್ತಿ ಎಳೆಯಿರಿ. ಪ್ರೋಗ್ರಾಂ ಸುಮ್ಮನಿದೆ ಎಂದು ವಿಂಡೋಸ್ ಆಗ ಅಷ್ಟು ಬೇಗ ತೀರ್ಮಾನಿಸುವುದಿಲ್ಲ. ಎಷ್ಟೋ ಕಡೆ ಈ ಒಂದು ಬದಲಾವಣೆಗೇ ತಡ ಮಾಯವಾಗುತ್ತದೆ. ಬೆಲೆಯೂ ಇದೆ: ಪ್ರೋಗ್ರಾಂ ತೆರೆದಿರುವಷ್ಟು ಹೊತ್ತು ಸಿಪಿಯುವಿನ ಒಂದು ಕೋರ್ ಪೂರ್ತಿ ದುಡಿಯಬಹುದು, ಫ್ಯಾನ್ ಸದ್ದು ಕೇಳಬಹುದು. ನಾಲ್ಕು ಕೋರಿನ ಯಂತ್ರಕ್ಕೆ ಅದು ಭಾರವೇನಲ್ಲ.

ಅದೇ ಪುಟದ ಕೆಳಗೆ ಆಲ್ಟ್+ಟ್ಯಾಬ್, ಆಲ್ಟ್+ಎಂಟರ್, ಕಂಟ್ರೋಲ್+ಎಸ್ಕೇಪ್ ಮುಂತಾದ ಕೀಜೋಡಿಗಳ ಪಟ್ಟಿ ಇದೆ. ಟಿಕ್ ಇರುವವು ವಿಂಡೋಸಿನ ಪಾಲು. ನಿಮ್ಮ ಪ್ರೋಗ್ರಾಂ ಅವುಗಳಲ್ಲೊಂದನ್ನು ಬಳಸುತ್ತಿದ್ದರೆ ಟಿಕ್ ತೆಗೆಯಿರಿ, ಆ ಕೀಜೋಡಿ ಪ್ರೋಗ್ರಾಮಿಗೆ ತಲುಪುತ್ತದೆ.

ವಿಂಡೋಸ್ 10ರ 32 ಬಿಟ್ ಆವೃತ್ತಿಯಲ್ಲಿ ಎನ್‌ಟಿವಿಡಿಎಂ ತಾನಾಗಿ ಇರುವುದಿಲ್ಲ. ವಿಂಡೋಸ್ ಫೀಚರ್ಸ್ ಪಟ್ಟಿಯ ಲೆಗಸಿ ಕಾಂಪೊನೆಂಟ್ಸ್ ಅಡಿಯಲ್ಲಿ ಅದನ್ನು ಆರಿಸಿ ಹಾಕಿಕೊಳ್ಳಬೇಕು, ಕಮಾಂಡ್ ಪ್ರಾಂಪ್ಟಿನ ಪ್ರಾಪರ್ಟೀಸ್‌ನಲ್ಲಿ ಲೆಗಸಿ ಕನ್ಸೋಲ್ ಬಳಸುವಂತೆಯೂ ಮಾಡಬೇಕು. ಡಾಸ್ ಪ್ರೋಗ್ರಾಂ ಪೂರ್ಣ ಪರದೆಯಲ್ಲಿ ಬರುವ ಸುಖ ವಿಸ್ಟಾದ ಹೊಸ ಡಿಸ್‌ಪ್ಲೇ ಡ್ರೈವರುಗಳ ಕಾಲಕ್ಕೇ ಮುಗಿಯಿತು.

ಇಷ್ಟಾದರೂ ಹೊಸದಾಗಿ ಈ ದಾರಿ ಹಿಡಿಯಿರಿ ಎಂದು ನಾನು ಹೇಳುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬರುವುದೇ 64 ಬಿಟ್ಟಿನಲ್ಲಿ. 64 ಬಿಟ್ ವಿಂಡೋಸಿನಲ್ಲಿ ಎನ್‌ಟಿವಿಡಿಎಂ ಇಲ್ಲ, ಏಕೆಂದರೆ ಅದು ನೆಚ್ಚಿಕೊಂಡಿದ್ದ ವರ್ಚುವಲ್ 8086 ಎಂಬ ವಿಧಾನ ಪ್ರೊಸೆಸರಿನ 64 ಬಿಟ್ ಸ್ಥಿತಿಯಲ್ಲಿ ಸಿಗುವುದಿಲ್ಲ. ಹಳೆಯ ಯಂತ್ರ ಓಡುತ್ತಿದ್ದರೆ ಇಂಟರ್ನೆಟ್ ಸಂಪರ್ಕ ಕಿತ್ತು, ಬಿಲ್ಲಿಂಗಿಗೆ ಮಾತ್ರ ಇಟ್ಟುಕೊಳ್ಳಿ.

64 ಬಿಟ್ ವಿಂಡೋಸಿಗೆ ಎನ್‌ಟಿವಿಡಿಎಂ ಅನ್ನು ತಂದುಕೂರಿಸುವ ಎನ್‌ಟಿವಿಡಿಎಂಎಕ್ಸ್64 ಎಂಬ ಯತ್ನವೊಂದಿದೆ. ಅದು ಸೋರಿಹೋದ ಹಳೆಯ ವಿಂಡೋಸ್ ಮೂಲ ಸಂಕೇತವನ್ನು ಆಧರಿಸಿದ್ದು. ವ್ಯಾಪಾರದ ಕಂಪ್ಯೂಟರಿಗೆ ಅದು ಬೇಡ.

ಡಾಸ್‌ಬಾಕ್ಸ್: ಎಲ್ಲರೂ ಮೊದಲು ಹಾಕಿಕೊಳ್ಳುವುದು, ಅಂಗಡಿಗೆ ಒಗ್ಗದ್ದು

ಡಾಸ್‌ಬಾಕ್ಸ್ ಉಚಿತ, ಚಿಕ್ಕದು, ಸಿಗುವುದೂ ಸುಲಭ. ಇದು ಇಡೀ ಹಳೆಯ ಕಂಪ್ಯೂಟರನ್ನೇ ತಂತ್ರಾಂಶದೊಳಗೆ ಕಟ್ಟುವ ಎಮ್ಯುಲೇಟರ್, ಹಾಗಾಗಿ 64 ಬಿಟ್ಟಿನ ಅಡ್ಡಿ ಇದಕ್ಕಿಲ್ಲ. ಆದರೆ ಇದನ್ನು ಕಟ್ಟಿದ್ದು ಆಟಗಳಿಗಾಗಿ. ಹಳೆಯ ಆಟಗಳು ಹಳೆಯ ವೇಗದಲ್ಲೇ ಓಡಬೇಕು, ಇಲ್ಲದಿದ್ದರೆ ಆಡಲಾಗದು. ಅದಕ್ಕೇ ವೇಗವನ್ನು ನಿರ್ಧರಿಸುವ ಸೈಕಲ್ಸ್ ಎಂಬ ಸೆಟ್ಟಿಂಗ್ ಆಟೋ ಎಂದಿರುವಾಗ, ರಿಯಲ್ ಮೋಡ್ ಎಂಬ ಹಳೆಯ ಸರಳ ವಿಧಾನದಲ್ಲಿ ಓಡುವ ಪ್ರೋಗ್ರಾಂಗಳಿಗೆ 3000 ಸೈಕಲ್ ಮಾತ್ರ ಸಿಗುತ್ತದೆ. ಸುಮಾರಾಗಿ ಹಳೆಯ 286 ಪ್ರೊಸೆಸರ್ ಕಾಲದ ವೇಗವದು. ಸಾವಿರಾರು ಗಿರಾಕಿಗಳ ಪಟ್ಟಿ ಹುಡುಕುವ ಕ್ಲಿಪ್ಪರ್ ಪ್ರೋಗ್ರಾಮಿಗೆ ಅದು ಸಾಲದು. 'ಡಾಸ್‌ಬಾಕ್ಸಿನಲ್ಲಿ ಕೀಬೋರ್ಡ್ ಸ್ಲೋ' ಎಂಬ ದೂರಿನ ಹಿಂದೆ ಹೆಚ್ಚಾಗಿ ಇರುವುದು ಇದೊಂದೇ ಕಾರಣ.

ಪ್ರೋಗ್ರಾಂ ತೆರೆದಿರುವಾಗಲೇ ಕಂಟ್ರೋಲ್+ಎಫ್12 ಒತ್ತುತ್ತ ಹೋಗಿ. ಕಿಟಕಿಯ ತಲೆಪಟ್ಟಿಯಲ್ಲಿ ಸೈಕಲ್ ಅಂಕಿ ಏರುವುದು ಕಾಣುತ್ತದೆ. 20000ದ ಆಸುಪಾಸು ಸಾಮಾನ್ಯವಾಗಿ ಪಠ್ಯದ ಪ್ರೋಗ್ರಾಂಗಳಿಗೆ ಹಿತ. ನಿಮ್ಮ ಯಂತ್ರ ತಾಳುವುದಕ್ಕಿಂತ ಮೇಲೆ ಏರಿಸಿದರೆ ಮತ್ತೆ ತಡವರಿಸುತ್ತದೆ, ಆಗ ಕಂಟ್ರೋಲ್+ಎಫ್11 ಒತ್ತಿ ಇಳಿಸಿ. ಹಿತವಾದ ಅಂಕಿ ಸಿಕ್ಕಮೇಲೆ ಅದನ್ನು ಕಾನ್ಫಿಗರೇಶನ್ ಫೈಲಿನಲ್ಲಿ ಬರೆದಿಡಿ. ಒತ್ತಿದ ಕೀ ಒಂದು, ಮೂಡುವ ಚಿಹ್ನೆ ಇನ್ನೊಂದು ಆದರೆ, ಅದೇ ಫೈಲಿನಲ್ಲಿ ಕೀಬೋರ್ಡ್ ಲೇಔಟ್ ಎಂಬಲ್ಲಿ ಆಟೋ ತೆಗೆದು ಯುಎಸ್ ಎಂದು ಹಾಕಿ.

ಒಂದು ಅಪಾಯವನ್ನು ಒತ್ತಿ ಹೇಳಬೇಕು. ಡಾಸ್‌ಬಾಕ್ಸಿನಲ್ಲಿ ಕಂಟ್ರೋಲ್+ಎಫ್9 ಒತ್ತಿದರೆ ಅದು ಒಂದು ಮಾತೂ ಕೇಳದೆ ಆ ಕ್ಷಣವೇ ಮುಚ್ಚಿಕೊಳ್ಳುತ್ತದೆ. ಟರ್ಬೊ ಸಿಯಲ್ಲಿ ಪ್ರೋಗ್ರಾಮಿಂಗ್ ಕಲಿತವರಿಗೆ ಕಂಟ್ರೋಲ್+ಎಫ್9 ಎಂದರೆ ಪ್ರೋಗ್ರಾಂ ಓಡಿಸುವ ಕೀ. ಉಳಿಸದ ಕೋಡ್ ಅಲ್ಲಿಗೆ ಹೋಯಿತು. ಬಿಲ್ಲಿಂಗ್ ಪ್ರೋಗ್ರಾಂ ಡೇಟಾ ಬರೆಯುತ್ತಿರುವಾಗ ಹೀಗಾದರೆ ಇಂಡೆಕ್ಸ್ ಫೈಲ್ ಕೆಡಬಹುದು. ಕಂಟ್ರೋಲ್+ಎಫ್1 ಒತ್ತಿದರೆ ಕೀ ಮ್ಯಾಪರ್ ತೆರೆಯುತ್ತದೆ. ಅಲ್ಲಿ ಶಟ್‌ಡೌನ್ ಎಂಬುದಕ್ಕೆ ಕೊಟ್ಟಿರುವ ಕೀಯನ್ನು ಅಳಿಸಿ ಸೇವ್ ಮಾಡಿ. ಡಾಸ್‌ಬಾಕ್ಸ್ ಬಳಸುವವರು ಬೇರೆಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಇದು.

ವೇಗ ಸರಿಹೋದರೂ ಅಂಗಡಿಗೆ ಇದು ಏಕೆ ಒಗ್ಗುವುದಿಲ್ಲ? ಎರಡು ಕಾರಣ. ಮೂಲ ಡಾಸ್‌ಬಾಕ್ಸಿನ 0.74 ಸರಣಿಯಲ್ಲಿ ಪ್ರಿಂಟರ್ ಪೋರ್ಟೇ ಇಲ್ಲ, ಬಿಲ್ ಮುದ್ರಿಸಲಾಗದು. ಎರಡನೆಯದು ಇನ್ನೂ ಗಂಭೀರ. ಒಂದೇ ಡಿಬಿಎಫ್ ಫೈಲನ್ನು (ಈ ಪ್ರೋಗ್ರಾಂಗಳು ಡೇಟಾ ಇಡುವ ಫೈಲ್) ಇಬ್ಬರು ಏಕಕಾಲಕ್ಕೆ ತಿದ್ದದಂತೆ ತಡೆಯುವ ರೆಕಾರ್ಡ್ ಲಾಕಿಂಗ್ ಕರೆಗೆ ಅದು 'ಈ ಸೌಲಭ್ಯ ಇಲ್ಲ' ಎಂಬ ಉತ್ತರ ಕೊಡುತ್ತದೆ. ಎರಡು ಕೌಂಟರುಗಳಲ್ಲಿ ಒಂದೇ ಡೇಟಾ ಬಳಸುವಲ್ಲಿ ಇದನ್ನು ಹಾಕಲೇಬಾರದು. ಕೀ ತಡವಾದರೆ ಕಣ್ಣಿಗೆ ಕಾಣುತ್ತದೆ, ಸ್ಟಾಕಿನ ಲೆಕ್ಕ ಕೆಟ್ಟರೆ ತಿಂಗಳ ಕೊನೆಯ ತನಕ ಕಾಣುವುದಿಲ್ಲ.

ಡಾಸ್‌ಬಾಕ್ಸ್-ಎಕ್ಸ್ ಮತ್ತು ವಿಡಾಸ್: ನನ್ನ ಒಲವು ಇಲ್ಲಿ

ಈ ಎರಡೂ ಡಾಸ್‌ಬಾಕ್ಸಿನ ಮೂಲದಿಂದಲೇ ಬೆಳೆದವು, ಆದರೆ ಕೆಲಸದ ಪ್ರೋಗ್ರಾಂಗಳನ್ನು ಗಮನದಲ್ಲಿಟ್ಟುಕೊಂಡವು.

ವಿಡಾಸ್ ಇರುವುದು ಪಠ್ಯ ಪರದೆಯ ವ್ಯವಹಾರದ ಪ್ರೋಗ್ರಾಂಗಳಿಗಾಗಿಯೇ. ಫೈಲ್ ಮತ್ತು ರೆಕಾರ್ಡ್ ಲಾಕಿಂಗ್ ಇದೆ, ವಿಂಡೋಸಿಗೆ ಜೋಡಿಸಿದ ಪ್ರಿಂಟರಿಗೆ ನೇರ ಮುದ್ರಿಸುತ್ತದೆ, ವಿಂಡೋಸಿನ ಫಾಂಟ್ ಬಳಸುವುದರಿಂದ ಅಕ್ಷರ ದೊಡ್ಡ ಪರದೆಯಲ್ಲೂ ಸ್ಪಷ್ಟ. ಕಣ್ಣು ಮಂಜಾಗುತ್ತಿರುವ ಹಿರಿಯ ಗುಮಾಸ್ತರಿಗೆ ಈ ಕೊನೆಯ ಗುಣ ಸಣ್ಣದಲ್ಲ. ಆಟಗಳಿಗಾಗಿ ಮಾಡಿದ ವೇಗದ ಕಟ್ಟುಪಾಡು ಇಲ್ಲದ್ದರಿಂದ ಕೀಗಳು ಹೆಚ್ಚು ಹೊಂದಿಸದೆಯೇ ಚುರುಕು. ಸೆಟ್ಟಿಂಗುಗಳೂ ಕೆಲವೇ, ಎರಡು ಚಿಕ್ಕ ಪಠ್ಯ ಫೈಲುಗಳಲ್ಲಿ ಮುಗಿಯುತ್ತವೆ. ಗ್ರಾಫಿಕ್ಸ್ ಬಳಸುವ ಪ್ರೋಗ್ರಾಮಿಗೆ ಇದನ್ನು ನೆಚ್ಚಬೇಡಿ. ಇದರಿಂದ ಕವಲೊಡೆದ ವಿಡಾಸ್‌ಪ್ಲಸ್ ಎಂಬುದೂ ಇದೆ.

ಡಾಸ್‌ಬಾಕ್ಸ್-ಎಕ್ಸ್ ಇದಕ್ಕಿಂತ ದೊಡ್ಡ ಸಂಸಾರ. ಲಾಕಿಂಗ್, ಮುದ್ರಣ, ಉದ್ದ ಫೈಲ್ ಹೆಸರು, ಗ್ರಾಫಿಕ್ಸ್ ಎಲ್ಲವೂ ಉಂಟು. ಮೇಲೆ ಮೆನು ಇರುವುದರಿಂದ ಸಿಪಿಯು ವೇಗವನ್ನು ಮೌಸಿನಲ್ಲೇ ಬದಲಿಸಬಹುದು. ಅಷ್ಟೇ ಪ್ರಮಾಣದಲ್ಲಿ ಸೆಟ್ಟಿಂಗುಗಳೂ ಹೆಚ್ಚು, ಒಮ್ಮೆ ತಿಳಿದವರು ಕೂತು ಹೊಂದಿಸಬೇಕು. ಮೊದಲ ದಿನ ಕೀ ತಡವೆನಿಸಿದರೆ ಇಲ್ಲೂ ಮೊದಲು ನೋಡಬೇಕಾದ್ದು ಸೈಕಲ್ಸ್. ಆಮೇಲೆ ಪರದೆಯ ಔಟ್‌ಪುಟ್ ವಿಧಾನ: ಎಷ್ಟೋ ಸಲ ಕೀ ಸಕಾಲಕ್ಕೆ ತಲುಪಿರುತ್ತದೆ, ಪರದೆ ಬರೆಯುವುದು ತಡವಾಗಿರುತ್ತದೆ. ಓಪನ್‌ಜಿಎಲ್‌ಗೆ ಬದಲಿಸಿ, ಚಿತ್ರ ನುಣುಪು ಮಾಡುವ ಸ್ಕೇಲರನ್ನು ತೆಗೆದು ನೋಡಿ.

ಒಂದೇ ಕಂಪ್ಯೂಟರ್ ಅಥವಾ ಎರಡು ಮೂರು ಕೌಂಟರ್, ಬರೀ ಪಠ್ಯದ ಬಿಲ್ಲಿಂಗ್, ಒಂದು ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್: ಇಷ್ಟು ಇರುವವರು ಮೊದಲು ವಿಡಾಸ್ ಹಾಕಿ ನೋಡಿ. ಅದರಲ್ಲಿ ಓಡದ ಪ್ರೋಗ್ರಾಂ, ಗ್ರಾಫ್ ಬಿಡಿಸುವ ಪ್ರೋಗ್ರಾಂ ಅಥವಾ ಪ್ರಿಂಟರಿಗೆ ವಿಚಿತ್ರ ಸಂಕೇತ ಕಳಿಸುವ ಪ್ರೋಗ್ರಾಂ ಇದ್ದವರು ಡಾಸ್‌ಬಾಕ್ಸ್-ಎಕ್ಸ್‌ಗೆ ಹೋಗಿ. ಯಾವುದೇ ಆದರೂ ಡೇಟಾ ಫೋಲ್ಡರಿನ ಒಂದು ನಕಲಿನ ಮೇಲೆ ಪ್ರಯೋಗ ಮಾಡಿ, ಅಸಲಿಯನ್ನು ಮುಟ್ಟಬೇಡಿ. ಎರಡು ಕಂಪ್ಯೂಟರುಗಳಲ್ಲಿ ಒಂದೇ ಗಿರಾಕಿಯ ರೆಕಾರ್ಡ್ ತೆರೆದು ತಿದ್ದಲು ಯತ್ನಿಸಿ. ಎರಡನೆಯವರನ್ನು ಪ್ರೋಗ್ರಾಂ ತಡೆದರೆ ಲಾಕಿಂಗ್ ಕೆಲಸ ಮಾಡುತ್ತಿದೆ ಎಂದರ್ಥ. ತಡೆಯದಿದ್ದರೆ ಕೀಬೋರ್ಡ್ ಎಷ್ಟೇ ಚುರುಕಾಗಿದ್ದರೂ ಆ ದಾರಿ ಬಿಡಿ.

ವರ್ಚುವಲ್ ಮೆಷಿನ್

ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರನ್ನು ನಡೆಸುವ ವರ್ಚುವಲ್‌ಬಾಕ್ಸ್‌ನಂಥದ್ದರಲ್ಲಿ ಒಂದು ಪೂರ್ತಿ ಡಾಸ್ ಯಂತ್ರವನ್ನೇ ಕೂರಿಸುವುದು ಇನ್ನೊಂದು ದಾರಿ. ಎಂಎಸ್-ಡಾಸ್ 6.22 ಇಲ್ಲವೇ, 1994ರಲ್ಲಿ ಜಿಮ್ ಹಾಲ್ ಶುರುಮಾಡಿದ, ಈಗಲೂ ಬೆಳೆಯುತ್ತಿರುವ ಫ್ರೀಡಾಸ್ ಬಳಸಬಹುದು. ನಿಜವಾದ ಡಾಸ್ ಆದ್ದರಿಂದ ಹೊಂದಾಣಿಕೆ ಚೆನ್ನ. ತೊಡಕೆಂದರೆ ಡಾಸಿಗೆ ಸುಮ್ಮನಿರಲು ಬರುವುದಿಲ್ಲ, ಸಿಪಿಯು ಸದಾ ನೂರಕ್ಕೆ ನೂರು ದುಡಿಯುತ್ತದೆ. ಫ್ರೀಡಾಸ್ ಜೊತೆ ಬರುವ ಎಫ್‌ಡಿಎಪಿಎಂ ಎಂಬ ಚಿಕ್ಕ ಪ್ರೋಗ್ರಾಮನ್ನು ಎಪಿಎಂಡಾಸ್ ಎಂಬ ಆಯ್ಕೆಯೊಂದಿಗೆ, ಡಾಸ್ ಶುರುವಾಗುವಾಗ ಓಡುವ ಆಟೋಎಕ್ಸೆಕ್ ಫೈಲಿನಲ್ಲಿ ಸೇರಿಸಿದರೆ ಬಿಸಿ ತಗ್ಗುತ್ತದೆ. ಒಳಗೆ ಕೂತ ಡಾಸಿಗೆ ಹೊರಗಿನ ವಿಂಡೋಸಿನ ಫೋಲ್ಡರ್ ಹಂಚಿಕೊಳ್ಳುವ ಸೌಲಭ್ಯವನ್ನು ವರ್ಚುವಲ್‌ಬಾಕ್ಸ್ ತಾನಾಗಿ ಕೊಡದ್ದರಿಂದ ದಿನದ ಬ್ಯಾಕಪ್ ಹೊರತೆಗೆಯುವುದು ರಗಳೆ. ಹಳೆಯ ಎಕ್ಸ್‌ಪಿ ಲೈಸೆನ್ಸ್ ಇದ್ದರೆ ಡಾಸ್ ಬದಲು 32 ಬಿಟ್ ಎಕ್ಸ್‌ಪಿಯನ್ನೇ ಒಳಗೆ ಕೂರಿಸಬಹುದು. ಫೋಲ್ಡರ್ ಹಂಚಿಕೆ ಸಿಗುತ್ತದೆ, ಪೂರ್ಣ ಪರದೆಯೂ ಸಿಗುತ್ತದೆ, ಐಡಲ್ ಸೆನ್ಸಿಟಿವಿಟಿಯ ಮಾತು ಅಲ್ಲಿಗೂ ಅನ್ವಯ.

ವಿಂಡೋಸ್ 11ರ ಮೇಲೆ ವರ್ಚುವಲ್‌ಬಾಕ್ಸ್ ತೀರಾ ಎಳೆದಾಡಿದರೆ ಅದರ ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಅಲ್ಲಿ ಹಸಿರು ಆಮೆಯ ಚಿತ್ರವಿದ್ದರೆ ವಿಂಡೋಸಿನದೇ ವರ್ಚುವಲ್ ಮೆಷಿನ್ ವ್ಯವಸ್ಥೆಯಾದ ಹೈಪರ್-ವಿ ಪ್ರೊಸೆಸರನ್ನು ತನ್ನ ಹಿಡಿತದಲ್ಲಿ ಇಟ್ಟುಕೊಂಡಿದೆ, ವರ್ಚುವಲ್‌ಬಾಕ್ಸ್ ನಿಧಾನದ ದಾರಿಯಲ್ಲಿ ಓಡುತ್ತಿದೆ ಎಂದು. ಹೈಪರ್-ವಿ ಮತ್ತು ಮೆಮೊರಿ ಇಂಟೆಗ್ರಿಟಿ ಎರಡನ್ನೂ ನಿಲ್ಲಿಸಿದರೆ ಸಾಮಾನ್ಯವಾಗಿ ಆಮೆ ಹೋಗುತ್ತದೆ. ಆದರೆ ಮೆಮೊರಿ ಇಂಟೆಗ್ರಿಟಿ ಒಂದು ರಕ್ಷಣೆ. ಬ್ಯಾಂಕಿನ ವ್ಯವಹಾರವೂ ನಡೆಯುವ ಕಂಪ್ಯೂಟರಿನಲ್ಲಿ ಬಿಲ್ಲಿಂಗಿನ ಸಲುವಾಗಿ ಅದನ್ನು ತೆಗೆಯುವುದು ನನಗೆ ಸರಿಕಾಣದು.

ಕನ್ನಡ ಡೇಟಾ ಇರುವ ಹಳೆಯ ಯಂತ್ರಗಳು

ಮೇಲಿನ ಯಾವ ದಾರಿಯೂ ನಿಲುಕದ ಒಂದು ಸಂದರ್ಭವಿದೆ. ಡಾಸ್ ಕಾಲದಲ್ಲಿ ಡಿಬೇಸ್, ವರ್ಡ್‌ಸ್ಟಾರುಗಳಲ್ಲಿ ಕನ್ನಡ ಮೂಡಿಸಲು ಪುಣೆಯ ಸಿ-ಡ್ಯಾಕ್‌ನ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನೊಳಗೆ ಕೂರಿಸುತ್ತಿದ್ದರು. ಕೀಬೋರ್ಡಿನಿಂದ ಬಂದ ಅಕ್ಷರವನ್ನು ಕನ್ನಡವಾಗಿಸಿ ತೋರಿಸುವುದು ಆ ಕಾರ್ಡಿನ ಕೆಲಸ. ಇಲ್ಲಿ ಹೇಳಿದ ಯಾವ ಎಮ್ಯುಲೇಟರೂ ಆ ಕಾರ್ಡನ್ನು ಅನುಕರಿಸುವುದಿಲ್ಲ. ಅಂಥ ಪ್ರೋಗ್ರಾಮನ್ನು ವಿಡಾಸಿಗೆ ತಂದರೆ ಕೀ ಚುರುಕಾಗಿಯೇ ಓಡಬಹುದು, ಹೆಸರುಗಳ ಜಾಗದಲ್ಲಿ ಮಾತ್ರ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ.

ಡೇಟಾ ಕೆಟ್ಟಿದೆ ಎಂದು ಗಾಬರಿಯಾಗಿ ಅಳಿಸಬೇಡಿ. ಒಳಗಿರುವುದು ಇಸ್ಕಿ ಎಂಬ, ಭಾರತೀಯ ಲಿಪಿಗಳ ಹಳೆಯ ಸಂಕೇತವಾಗಿದ್ದರೆ ಅದನ್ನು ಯೂನಿಕೋಡಿಗೆ ಬದಲಿಸಲು ದಾರಿ ಇದೆ. 1991ರ ಭಾರತೀಯ ಮಾನಕ 13194ರಲ್ಲಿ ಇಸ್ಕಿ ದಾಖಲಾಗಿದೆ, ಯೂನಿಕೋಡಿನ ಕನ್ನಡ ಭಾಗದ ಜೋಡಣೆಗೂ ಇಸ್ಕಿಯೇ ಆಧಾರ. ವಿಂಡೋಸಿನಲ್ಲೇ ಕನ್ನಡ ಇಸ್ಕಿಗೆ 57008 ಎಂಬ ಕೋಡ್ ಪೇಜ್ (ಅಕ್ಷರ ಸಂಕೇತಗಳ ಪಟ್ಟಿ) ಇದೆ. ಪ್ರೋಗ್ರಾಮಿಂಗ್ ಬಲ್ಲವರು ಯಾರಾದರೂ ಡಿಬಿಎಫ್‌ನ ಹೆಸರಿನ ಅಂಕಣಗಳನ್ನು ಅದರ ಮೂಲಕ ಓದಿಸಿ ಯೂನಿಕೋಡಿನಲ್ಲಿ ಬರೆಸಬಹುದು. ಜಿಸ್ಟ್ ಬದಲು ಬೇರೆ ಕನ್ನಡ ತಂತ್ರಾಂಶ ಬಳಸಿದ್ದರೆ ಅಕ್ಷರಗಳ ಸಂಖ್ಯೆಯೇ ಬೇರೆ ಇರುತ್ತದೆ, ಆಗ ಪಟ್ಟಿಯನ್ನು ಕೈಯಿಂದ ಕಟ್ಟಬೇಕು. ಅದಕ್ಕೆ ಹೋಲಿಸಿ ನೋಡಲು ಮೂಲ ಪರದೆಯ ಪ್ರತಿ ಬೇಕೇ ಬೇಕು. ಆದ್ದರಿಂದ ಹಳೆಯ ಯಂತ್ರ ಇನ್ನೂ ಶುರುವಾಗುತ್ತಿರುವಾಗಲೇ ಒಂದು ನೂರು ಹೆಸರುಗಳಿರುವ ಪುಟವನ್ನು ಅದರಿಂದಲೇ ಮುದ್ರಿಸಿಕೊಳ್ಳಿ. ಒತ್ತಕ್ಷರ, ದೀರ್ಘ, ಅನುಸ್ವಾರ ಎಲ್ಲವೂ ಆ ಪುಟದಲ್ಲಿ ಬರುವಂತೆ ಹೆಸರುಗಳನ್ನು ಆರಿಸಿ. ಡೇಟಾ ಫೋಲ್ಡರನ್ನು ಪೂರ್ತಿಯಾಗಿ ಎರಡು ಕಡೆ ನಕಲು ಮಾಡಿಟ್ಟ ಮೇಲೆಯೇ ಬದಲಾವಣೆಗೆ ಕೈಹಾಕಿ.